ಅಂಬಾಸಿಡರ್ ಗೇರ್‌ಬಾಕ್ಸ್: ಕೆಳಗಿನಿಂದ ಇಳಿಸುವುದೋ, ಎಂಜಿನ್ ಸಮೇತ ಮೇಲೆತ್ತುವುದೋ?

ನನ್ನ ಹಳೆಯ ಅಂಬಾಸಿಡರಿನ ಗೇರ್‌ಬಾಕ್ಸನ್ನು ಎರಡೂ ಕ್ರಮಗಳಲ್ಲಿ ಬಿಚ್ಚಿ ನೋಡಿದ ಮೇಲೆ, ಕಾರಿನಡಿ ಮಲಗಿ ಗೇರ್‌ಬಾಕ್ಸನ್ನಷ್ಟೇ ಇಳಿಸುವುದೇ ಮೇಲೆಂದು ನನಗೆ ಖಚಿತವಾಗಿದೆ. ಆಯಿಲ್ ಸೋರುತ್ತಿದೆಯೆಂದು ಮೊದಲ ಸಲ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಬಾನೆಟ್, ರೇಡಿಯೇಟರ್ ಕಳಚಿ ಚೈನ್ ಪುಲ್ಲಿಯಿಂದ ಎಂಜಿನ್ ಸಮೇತ ಎತ್ತಿದ್ದರು. ಸೋರಿಕೆ ಮರುಕಳಿಸಿದಾಗ ಬಾಡಿಗೆಯ ಗೇರ್‌ಬಾಕ್ಸ್ ಜಾಕ್ ತಂದು ಮನೆಯ ಶೆಡ್ಡಿನಲ್ಲಿಯೇ ಇಳಿಸಿದೆವು.

ಯಾವ ಕ್ರಮಕ್ಕೂ ಮೊದಲು, ಸೋರುತ್ತಿರುವುದು ಯಾವ ಆಯಿಲ್ ಎಂಬುದನ್ನು ನೋಡಿಕೊಳ್ಳಬೇಕು. ಹಳೆಯ 1489 ಸಿ.ಸಿ. ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡ) ಹಿಂತುದಿಯಲ್ಲಿ ರಬ್ಬರ್ ಸೀಲ್ ಇರುವುದಿಲ್ಲ. ಶಾಫ್ಟಿನ ಮೇಲೆ ತಿರುಪಿನಂತೆ ಕೊರೆದ ಸುರುಳಿ ಗೀರು ತಿರುಗುವಾಗ ಆಯಿಲನ್ನು ಸಂಪಿನತ್ತ, ಅಂದರೆ ಎಂಜಿನ್ನಿನಡಿಯ ಆಯಿಲ್ ತೊಟ್ಟಿಯತ್ತ, ಹಿಂದಕ್ಕೆ ತಳ್ಳುತ್ತದೆ. ಆದ್ದರಿಂದ ಬೆಲ್ ಹೌಸಿಂಗಿನಡಿಯ (ಕ್ಲಚ್ಚನ್ನು ಮುಚ್ಚಿ ಗೇರ್‌ಬಾಕ್ಸನ್ನು ಎಂಜಿನ್ನಿಗೆ ಸೇರಿಸುವ ಗಂಟೆಯಾಕಾರದ ಕವಚ) ತೂತಿನಿಂದ ಎಂಜಿನ್ ಆಯಿಲ್ ಕೂಡ ತೊಟ್ಟಿಕ್ಕಬಹುದು. ಕಪ್ಪಾಗಿ ತೆಳ್ಳಗಿದ್ದರೆ ಅದು ಎಂಜಿನ್ನಿನದು. ದಪ್ಪಗಿದ್ದು ಗಂಧಕದ ಘಾಟು ಹೊಡೆದರೆ ಗೇರ್‌ಬಾಕ್ಸಿನದು. ಗೇರ್‌ಬಾಕ್ಸಿನ ಹಿಂಬದಿಯ ಸೀಲ್ ಮಾತ್ರ ಹೋಗಿದ್ದರೆ, ಹಿಂಚಕ್ರಗಳತ್ತ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಸಾಕಾಗಬಹುದು.

ಕೆಳಗಿನಿಂದ ಇಳಿಸುವಾಗ ನಿಜವಾಗಿ ಕಾಡುವುದು ಬೆಲ್ ಹೌಸಿಂಗಿನ ನೆತ್ತಿಯ ಬೋಲ್ಟುಗಳು. ಅವು ಎಂಜಿನ್ನಿಗೂ ಅದರ ಹಿಂದಿನ ತಗಡಿನ ಗೋಡೆಗೂ ನಡುವೆ ಅಡಗಿರುವುದರಿಂದ ಮೇಲಿನಿಂದ ಕೈ ತೂರುವುದಿಲ್ಲ, ಕೆಳಗಿನಿಂದ ಕಣ್ಣಿಗೆ ಕಾಣುವುದಿಲ್ಲ. ಸ್ಪ್ಯಾನರ್ ಒಂದು ಹಲ್ಲಿನಷ್ಟು ತಿರುಗಿ ನಿಂತುಬಿಡುತ್ತದೆ. ಬೋಲ್ಟಿನ ತಲೆ ಸವೆದರಂತೂ ಕೆಲಸ ಇನ್ನೂ ಕಷ್ಟವಾಗುತ್ತದೆ.

ನಮಗೆ ಒದಗಿದ ಉಪಾಯವೆಂದರೆ, ಗೇರ್‌ಬಾಕ್ಸಿನ ಹಿಂತುದಿಯನ್ನು ಹೊತ್ತಿರುವ ಅಡ್ಡಪಟ್ಟಿಯನ್ನು (ಕ್ರಾಸ್ ಮೆಂಬರ್) ಬಿಚ್ಚಿ, ಗೇರ್‌ಬಾಕ್ಸಿನ ಬಾಲವನ್ನು ಜಾಕಿನ ಮೇಲೆ ನಿಧಾನವಾಗಿ ತಗ್ಗಿಸಿ, ಎಂಜಿನ್ ಹಿಂದಕ್ಕೆ ವಾಲಿದಾಗ ತೆರೆಯುವ ಸಂದಿಯಲ್ಲಿ ಉದ್ದನೆಯ ಎಕ್ಸ್‌ಟೆನ್ಶನ್ ರಾಡನ್ನು ಹಿಂದಿನಿಂದ ತೂರಿಸುವುದು. ಹೀಗೆ ವಾಲಿಸುವಾಗ ಫ್ಯಾನಿನ ಎಲೆಗಳು ರೇಡಿಯೇಟರಿಗೆ ತಾಗುವ ಸಂಭವವಿರುವುದರಿಂದ, ಸಂಪಿನಡಿ ಮರದ ದಿಮ್ಮಿಯಿಟ್ಟು ವಾಲಿಕೆಯನ್ನು ಮಿತಿಯಲ್ಲಿಡಬೇಕು. ಬೋಲ್ಟುಗಳೆಲ್ಲ ಬಂದ ಮೇಲೂ ಜಾಕ್ ಸರಿಸಬಾರದು: ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನಿಂದ ಪೂರ್ತಿ ಹೊರಬರುವ ತನಕ ಗೇರ್‌ಬಾಕ್ಸಿನ ಭಾರ ಆ ಶಾಫ್ಟಿನ ಮೇಲೆ ಬಿದ್ದರೆ ಪ್ಲೇಟಿನ ನಡುವಣ ಹಬ್ ಹಾಳಾಗುತ್ತದೆ.

ಎಂಜಿನ್ ಸಮೇತ ಎತ್ತುವ ಕ್ರಮದಲ್ಲಿ ಈ ಬೋಲ್ಟುಗಳ ಕಾಟವಿಲ್ಲವೆಂಬುದನ್ನು ಒಪ್ಪಲೇಬೇಕು. ನೆಲದ ಮೇಲೆ ಬೆಳಕಿನಲ್ಲಿ ನಿಂತು ಬಿಚ್ಚಬಹುದು. ಆದರೆ ಅದಕ್ಕಾಗಿ ಕಾರ್ಬ್ಯುರೇಟರ್, ಸೈಲೆನ್ಸರ್ ಪೈಪ್, ವೈರಿಂಗ್, ನೀರಿನ ಹೋಸುಗಳೆಲ್ಲ ಕಳಚಬೇಕಾಗುತ್ತದೆ. ನನ್ನ ಕಾರಿನಲ್ಲಿ ಸೋರದೆ ಇದ್ದ ರೇಡಿಯೇಟರ್ ಹೋಸ್ ಕೂಡ ಆ ಕೆಲಸದ ನಂತರವೇ ಸೋರಲಾರಂಭಿಸಿತು.

ಕ್ಲಚ್ ಬಿಚ್ಚಿದ್ದರೆ, ಮರುಜೋಡಣೆಯ ವೇಳೆ ಅದರ ಪ್ಲೇಟನ್ನು ಮಧ್ಯಕ್ಕೆ ತರುವ ಡಮ್ಮಿ ಶಾಫ್ಟ್ ಬೇಕಾಗುತ್ತದೆ. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಹಳೆಯ ಲೇತ್ ಇಟ್ಟುಕೊಂಡಿರುವ ಅಂಗಡಿಯೊಂದರಲ್ಲಿ ಅದನ್ನು ತೇಗದ ಮರದಲ್ಲಿ ತಿರುವಿಸಿಕೊಂಡೆ. ಆ ಖರ್ಚು ಗ್ಯಾರೇಜಿನ ಕೂಲಿಯ ಮುಂದೆ ಲೆಕ್ಕಕ್ಕಿಲ್ಲ.

ಭಾನುವಾರಗಳಂದು ಬಿಡುವು ಮಾಡಿಕೊಂಡು, ಒಬ್ಬ ಸಹಾಯಕನೊಂದಿಗೆ ಕೆಲಸ ಮಾಡುವ ನನಗೆ ಚೈನ್ ಪುಲ್ಲಿ ತೂಗಿಸುವಷ್ಟು ಗಟ್ಟಿಯಾದ ತೊಲೆಯೂ ಇಲ್ಲ, ಕೊಳ್ಳುವ ಹಣವೂ ಇಲ್ಲ. ಎಂಜಿನ್ನಿನ ಬೋರ್ ಮಾಡಿಸಬೇಕಾದ (ಸವೆದ ಸಿಲಿಂಡರುಗಳನ್ನು ಮತ್ತೆ ಕೊರೆಸಬೇಕಾದ) ಕಾಲ ಬಂದರೆ ಅಥವಾ ಕ್ರ್ಯಾಂಕಿನ ಹಿಂತುದಿಯೇ ಸೋರಿದರೆ ಮೇಲೆತ್ತಿಸುತ್ತೇನೆ. ಕೇವಲ ಗೇರ್‌ಬಾಕ್ಸಿನ ಸೋರಿಕೆಗೆ ಬಾಡಿಗೆಯ ಜಾಕ್ ಮತ್ತು ಉದ್ದನೆಯ ರಾಡ್ ನನಗೆ ಸಾಕು.