‘ಗಿಲ್ಮೋರ್ ಸೆಟ್’ ಅಂತ ಪೆಡಲ್ ಮಾರುವವರಿದ್ದಾರೆ, ಹುಷಾರು

ಬಳ್ಳಾರಿ, ಹೊಸಪೇಟೆ ಕಡೆ ಗಿಟಾರ್ ನುಡಿಸುವವರು ಇದನ್ನೊಮ್ಮೆ ಓದಿ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಗಿಟಾರಿಸ್ಟ್ ಹೆಸರಲ್ಲಿ ‘ಡೇವಿಡ್ ಗಿಲ್ಮೋರ್ ಕಂಪ್ಲೀಟ್ ಸೆಟ್’ ಅಂತ ಸೆಕೆಂಡ್ ಹ್ಯಾಂಡ್ ಪೆಡಲ್‌ಗಳ (ಕಾಲಲ್ಲಿ ಒತ್ತಿ ಗಿಟಾರ್ ಸೌಂಡ್ ಬದಲಿಸುವ ಡಬ್ಬಿಗಳು) ಜಾಹೀರಾತೊಂದು ಓಡಾಡುತ್ತಿದೆ. 1970ರ ದಶಕದ ಬಿಗ್ ಮಫ್ (ಸೌಂಡನ್ನು ಒರಟಾಗಿಸುವ, ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಪೆಡಲ್), ಅದರಲ್ಲೂ ರಾಮ್ಸ್ ಹೆಡ್ ಅನ್ನೋ ಮಾಡೆಲ್ ಅಂತೆ. ಜೊತೆಗೊಂದು ಡಿಲೇ, ಅಂದರೆ ಪ್ರತಿಧ್ವನಿ ಕೊಡುವ ಪೆಡಲ್; ಅಡಾಪ್ಟರ್ ಫ್ರೀ. 18,000 ರೂಪಾಯಿ ಕೊಟ್ಟು ನಾನು ತರಿಸಿದೆ.

ಆಸಾಮಿಯ ಮಾತು ಬೆಣ್ಣೆ. ‘ರಾಯಚೂರಿನವರೊಬ್ಬರು ಕಾಯ್ತಿದ್ದಾರೆ ಸರ್, ನೀವು ಮೊದಲು ಕೇಳಿದ್ದಕ್ಕೆ ನಿಮಗೆ’ ಅಂದ. ವಿಡಿಯೋ ಕಾಲ್‌ನಲ್ಲಿ ತೋರಿಸಿ ಅಂದರೆ ನೆಟ್‌ವರ್ಕ್ ಇಲ್ಲ. ಹಣ ಮಾತ್ರ ಪೂರ್ತಿ ಮೊದಲೇ ಬೇಕು.

ಫೋಟೊದಲ್ಲಿ ವಾಲ್ಯೂಮ್ ನಾಬ್ ಕೆಳಗೆ ಬಣ್ಣ ಕಿತ್ತುಹೋದ ಗೀರಿತ್ತು. ಬಂದ ಪೆಡಲ್‌ನಲ್ಲಿ ಗೀರೇ ಇಲ್ಲ. ಕಾಲಲ್ಲಿ ಒತ್ತಿದರೆ ಜಗ್ ಅಂತ ಕೆಂಪು ಲೈಟ್ ಹತ್ತಿತು. ಆ ಕಾಲದ ರಾಮ್ಸ್ ಹೆಡ್‌ಗೆ ಲೈಟೇ ಇರಲಿಲ್ಲ!

ಬ್ರೂಸ್‌ಪೇಟೆಯಲ್ಲಿ ಆರ್ಕೆಸ್ಟ್ರಾದವರ ಮಿಕ್ಸರ್ ರಿಪೇರಿ ಮಾಡುವವರೊಬ್ಬರಿದ್ದಾರೆ. ಅವರ ಹತ್ತಿರ ಹಿಂದಿನ ಮುಚ್ಚಳ ಬಿಚ್ಚಿಸಿದೆ. ಒಳಗೆಲ್ಲ ಬೋರ್ಡಿನ ಮೇಲ್ಮೈಗೇ ಬೆಸೆದ, ಸಾಸಿವೆಯಷ್ಟು ಸಣ್ಣ ಎಸ್‌ಎಂಡಿ ಬಿಡಿಭಾಗಗಳು. ಹಳೆಯದರಲ್ಲಿ ಬೋರ್ಡಿನ ತೂತಿಗೆ ಕಾಲು ತೂರಿಸಿ ಬೆಸುಗೆ ಹಾಕಿದ ದೊಡ್ಡ ಕೆಪಾಸಿಟರ್‌ಗಳು, ನಾಲ್ಕು ಟ್ರಾನ್ಸಿಸ್ಟರ್ ಕಾಣಬೇಕು. ನಾಬ್‌ಗಳ ಅಡಿಯಲ್ಲಿರುವ ಪಾಟ್‌ಗಳ (ಸೌಂಡ್ ಹೆಚ್ಚು-ಕಡಿಮೆ ಮಾಡುವ ಬಿಡಿಭಾಗಗಳು) ಬೆನ್ನ ಮೇಲೆ 137ರಿಂದ ಶುರುವಾಗುವ ನಂಬರ್ ಇದ್ದರೆ, ಮುಂದಿನ ಎರಡಂಕಿ ತಯಾರಾದ ವರ್ಷ, ಕೊನೆಯೆರಡು ವಾರ. 1377633 ಅಂದರೆ 1976ರ 33ನೇ ವಾರ. ನನಗೆ ಬಂದದ್ದರ ಬೆನ್ನು ಬೋಳು.

ಅಡಾಪ್ಟರ್ ವಿಷಯ ಇನ್ನೂ ಕೆಟ್ಟದ್ದು. ಅದು ರೂಟರ್‌ನದು: 12 ವೋಲ್ಟ್, ಪಿನ್ನಿನ ನಡುವೆ ಪ್ಲಸ್. ಇಂಥ ಪೆಡಲ್‌ಗಳಿಗೆ ಸಾಮಾನ್ಯವಾಗಿ ಬೇಕಾದದ್ದು 9 ವೋಲ್ಟ್, ನಡುವೆ ಮೈನಸ್. ಪಿನ್ ಮಾತ್ರ ಸಲೀಸಾಗಿ ಕೂರುತ್ತೆ, ಅದೇ ಅಪಾಯ. ಅಡಾಪ್ಟರ್ ಮೇಲಿನ ಆ ಪುಟ್ಟ ಪ್ಲಸ್-ಮೈನಸ್ ಚಿತ್ರ ನೋಡದೆ ಚುಚ್ಚಬೇಡಿ. ನಾನು ಬ್ಯಾಟರಿ ಹಾಕಿ ನೋಡಿದ್ದರಿಂದ ಪೆಡಲ್ ಸುಡಲಿಲ್ಲ.

ಇನ್ನು ‘1973ರ ಆಲ್ಬಂ ಸೌಂಡ್ ಗ್ಯಾರಂಟಿ’ ಅಂದಿದ್ದ, ಅಂದರೆ ಪಿಂಕ್ ಫ್ಲಾಯ್ಡ್‌ನ ‘ದ ಡಾರ್ಕ್ ಸೈಡ್ ಆಫ್ ದ ಮೂನ್’. ಗಿಲ್ಮೋರ್ ಆಗ ಬಳಸುತ್ತಿದ್ದದ್ದು ಹೆಚ್ಚಾಗಿ ಫಜ್ ಫೇಸ್ ಅನ್ನೋ ಬೇರೆ ಪೆಡಲ್. ಬಿಗ್ ಮಫ್ ಮುಂದೆ ಬಂದದ್ದು ಆಮೇಲೆ, 1977ರ ಹೊತ್ತಿಗೆ. ಅದೂ ಹೈವಾಟ್ ಕಂಪನಿಯ 100 ವಾಟಿನ ವಾಲ್ವ್ ಆ್ಯಂಪ್‌ನಲ್ಲಿ, ಜೋರಾಗಿ, ಕ್ಲೀನಾಗಿ. ನಮ್ಮ ಮನೆಯ 10 ವಾಟ್ ಪ್ರಾಕ್ಟೀಸ್ ಆ್ಯಂಪ್‌ಗೆ ಹಾಕಿದರೆ ಬರೀ ಗುಂಯ್‌ಗುಡುತ್ತೆ. ಬಿಗ್ ಮಫ್‌ನಲ್ಲಿ ಮಿಡ್ (ಬಾಸ್-ಟ್ರೆಬಲ್ ನಡುವಿನ ಸೌಂಡ್) ಕಡಿಮೆ, ಹಾಗಾಗಿ ಗಣಪತಿ ಹಬ್ಬದ ಸ್ಟೇಜಲ್ಲಿ ಕೀಬೋರ್ಡ್, ಪ್ಯಾಡ್ ನಡುವೆ ಗಿಟಾರ್ ಕಳೆದೇಹೋಗುತ್ತೆ. ಅಸಲಿಯಾದರೂ ಇದೇ ಕಥೆ ಅಲ್ವಾ? ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯೇ ಈಗ ರಾಮ್ಸ್ ಹೆಡ್ ಅನ್ನು ಸಣ್ಣ ಡಬ್ಬಿಯಲ್ಲಿ ಹೊಸದಾಗಿ ಮಾಡುತ್ತೆ. ಆ ಸೌಂಡೇ ಬೇಕಂದರೆ ಬಿಲ್ ಸಮೇತ ಅದನ್ನು ತಗೊಳ್ಳಿ, ಉಳಿದ ದುಡ್ಡು ಆ್ಯಂಪ್‌ಗೆ ಹಾಕಿ.

ಅವನ ನಂಬರ್ ಈಗ ಸ್ವಿಚ್ ಆಫ್. ಆದರೆ ಅದೇ ಫೋಟೊ ಮೊನ್ನೆ ಬೇರೆ ಹೆಸರಲ್ಲಿ ಕಂಡಿತು, ಸ್ಥಳ ಕೊಪ್ಪಳ ಅಂತಿದೆ. ವಾಲ್ಯೂಮ್ ನಾಬ್ ಕೆಳಗಿನ ಗೀರು ನೋಡಿ, ಗೊತ್ತಾಗುತ್ತೆ.