ಪತಿಯ ಆಧಾರದ ಮೇಲೆ ಅಮೆರಿಕದ ಪೌರತ್ವ: ಅರ್ಜಿ ತುಂಬಿಕೊಡುವ ಒಂದು ಸೇವೆಯ ವಿಮರ್ಶೆ

ಅಮೆರಿಕದ ಪೌರರಾದ ನನ್ನ ಪತಿಯ ಆಧಾರದ ಮೇಲೆ ಪೌರತ್ವಕ್ಕೆ ಅರ್ಜಿ ಸಲ್ಲಿಸಲು ನಾನು ಮೊದಲು ಮೊರೆಹೋದದ್ದು ಅರ್ಜಿ ತುಂಬಿಕೊಡುವ ಒಂದು ಖಾಸಗಿ ಸೇವೆಗೆ. ಅಲ್ಲಿನವರು ಇದಕ್ಕೆ ಬೇಕಾದ ಮೂರು ವರ್ಷಗಳ ಅವಧಿಯನ್ನು ನಮ್ಮ ಮದುವೆಯ ದಿನದಿಂದಲೇ ಎಣಿಸಿಬಿಟ್ಟಿದ್ದರು. ಆದರೆ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಅನುಮತಿ) ದೊರೆತು ಮೂರು ವರ್ಷ ಕಳೆದಿರಬೇಕು, ಅಷ್ಟೂ ಕಾಲ ದಂಪತಿ ಕೂಡಿ ಬಾಳಿರಬೇಕು, ಪತಿ ಆ ಅವಧಿಯುದ್ದಕ್ಕೂ ಪೌರರಾಗಿರಬೇಕು, ಜೊತೆಗೆ ಅರ್ಜಿದಾರರು ಕನಿಷ್ಠ 18 ತಿಂಗಳು ಅಮೆರಿಕದ ನೆಲದಲ್ಲಿಯೇ ಇದ್ದಿರಬೇಕು ಎಂಬುದು ನಿಯಮ. ವಾಸದ ಅವಧಿ ತುಂಬಲು 90 ದಿನ ಇರುವಾಗಲೇ ಅರ್ಜಿ ಹಾಕಬಹುದಾದರೂ ನನ್ನ ಕಾರ್ಡಿನ ದಿನಾಂಕ ನೋಡಿದರೆ ಅದಕ್ಕೂ ಏಳು ತಿಂಗಳು ಬಾಕಿಯಿತ್ತು. ಸೇವಾಶುಲ್ಕ ಮರಳಿ ಬರಲಿಲ್ಲ.

ಕಡೆಗೆ ಸರ್ಕಾರಿ ಜಾಲತಾಣದಲ್ಲಿ ಪೌರತ್ವ ಕೋರುವ ಎನ್-400 ಅರ್ಜಿಯನ್ನು ನಾನೇ ತುಂಬಿದೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರದಂತೆ ಆನ್‌ಲೈನ್ ಶುಲ್ಕ 710 ಡಾಲರ್, ಕಾಗದದ ಅರ್ಜಿಗೆ 760. ಪ್ರಶ್ನೆಗಳು ಸ್ಪಷ್ಟವಾಗಿವೆ, ಬೆವರಿಳಿಸಿದ್ದು ವಿದೇಶ ಪ್ರಯಾಣದ ಪಟ್ಟಿ ಮಾತ್ರ. ಬೆಂಗಳೂರು ವಿಮಾನ ನಿಲ್ದಾಣದ ಮೊಹರೊಂದು ಮಾಸಿಹೋಗಿದ್ದರಿಂದ, ತಂಗಿಯ ಸೀಮಂತಕ್ಕೆ ಹೋದ ದಿನಾಂಕವನ್ನು ಹಳೆಯ ಟಿಕೆಟ್ ಹುಡುಕಿ ಖಚಿತಪಡಿಸಿಕೊಳ್ಳಬೇಕಾಯಿತು. ಜಂಟಿ ತೆರಿಗೆ ಪತ್ರಗಳು, ಬಾಡಿಗೆ ಕರಾರು ಮತ್ತು ಬ್ಯಾಂಕ್ ಖಾತೆಯ ವಿವರಗಳನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡರೆ ಉಳಿದದ್ದು ಒಂದು ಸಂಜೆಯ ಕೆಲಸ.

ಆ ಸೇವೆಯವರು ಬಾಯಿಬಿಡದ ಇನ್ನೊಂದು ಸಂಗತಿಯಿದೆ: ಭಾರತದಲ್ಲಿ ದ್ವಿಪೌರತ್ವವಿಲ್ಲದ ಕಾರಣ, ಪ್ರಮಾಣವಚನದ ನಂತರ ಭಾರತೀಯ ಪಾಸ್‌ಪೋರ್ಟನ್ನು ಒಪ್ಪಿಸಿ, ಊರಿಗೆ ವೀಸಾ ಇಲ್ಲದೆ ಹೋಗಿಬರಲು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಪ್ರತ್ಯೇಕವಾಗಿ ಅರ್ಜಿ ಹಾಕಬೇಕಾಗುತ್ತದೆ.