ಅಗ್ಗದ ಕಿಟ್ ಕಾರಿಗೆ ಮುಂಗಡ ಕೊಡುವ ಮುಂಚೆ ಇದನ್ನು ಓದಿ

ಅಗ್ಗಕ್ಕೆ ಸಿಗುತ್ತಿದೆ ಅಂತ ಕಿಟ್ ಕಾರು, ಅಂದರೆ ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳುವ ಕಾರು, ಕೊಳ್ಳಲು ಹೊರಟಿದ್ದೀರಾ? ದಯವಿಟ್ಟು ಮುಂಗಡ ಕಟ್ಟಬೇಡಿ. ಮೊದಲು ಇದನ್ನು ಓದಿ. ಕೋಪದಲ್ಲೇ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಬಹುದು. ಆದರೆ ಇಲ್ಲಿರುವುದೆಲ್ಲ ಕೈಯಾರೆ ಮುಟ್ಟಿ, ಕೆರೆದು, ಅಳೆದು ನೋಡಿದ್ದು.

ನಾನು ತೆಗೆದುಕೊಂಡಿದ್ದು ಬ್ರಿಟನ್‌ನ ಹಳೇ ಸ್ಪೋರ್ಟ್ಸ್ ಕಾರು ಲೋಟಸ್ ಸೆವೆನ್ ಮಾದರಿಯ ಕಿಟ್. ಎರಡು ಸೀಟು, ಉದ್ದ ಮೂತಿ, ಮುಂದಿನ ಚಕ್ರಗಳು ಬಾಡಿಯಿಂದ ಆಚೆಗೇ ಇರುತ್ತವಲ್ಲ, ಅದು. ಮಾರುವವನು ಬೇರೆಯವರು ಹೇಳುವ ಬೆಲೆಯ ಅರ್ಧಕ್ಕಿಂತ ಕಡಿಮೆ ಹೇಳಿದ್ದ. ಜಾಹೀರಾತಿನಲ್ಲಿ ಮೂರು ಮಾತು ಇದ್ದವು. "ಸಂಪೂರ್ಣ ಕಿಟ್." "ಪೌಡರ್ ಕೋಟ್ ಮಾಡಿದ ಚಾಸಿ." "ಒಂದೇ ಡೋನರ್ ಕಾರು ಸಾಕು." ಚಾಸಿ ಅಂದರೆ ಕಾರಿನ ಕಬ್ಬಿಣದ ಚೌಕಟ್ಟು, ಡೋನರ್ ಅಂದರೆ ಎಂಜಿನ್ ಮುಂತಾದವನ್ನು ಬಿಚ್ಚಿಕೊಳ್ಳುವ ಹಳೇ ಕಾರು. ಮೂರೂ ಸುಳ್ಳು. ಮೂರಕ್ಕೆ ಮೂರೂ.

ಸಂಪೂರ್ಣ ಕಿಟ್ ಅಂದರೆ ಏನು ಅಂತ ಈ ಹುಚ್ಚು ಇರುವ ಎಲ್ಲರಿಗೂ ಗೊತ್ತು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಹಳೇ ಕಾರಿನಿಂದ ಬರುತ್ತವೆ. ಮಿಕ್ಕಿದ್ದು ಕಿಟ್‌ನಲ್ಲಿ ಇರುತ್ತದೆ. ಹಾಗೆ ತಾನೇ? ನನಗೆ ಬಂದಿದ್ದು ಚಾಸಿ, ಫೈಬರ್ ಬಾಡಿಯ ತುಂಡುಗಳು, ಒಂದಿಷ್ಟು ಅಲ್ಯೂಮಿನಿಯಂ ತಗಡು, ಒಂದು ಡಬ್ಬದ ತುಂಬ ಬ್ರಾಕೆಟ್. ಪೆಟ್ರೋಲ್ ಟ್ಯಾಂಕ್ ಇಲ್ಲ. ರೇಡಿಯೇಟರ್ ಇಲ್ಲ. ಬ್ರೇಕ್ ಪೈಪ್ ಇಲ್ಲ. ಶಾಕ್ ಅಬ್ಸಾರ್ಬರ್ ಇಲ್ಲ. ಸೀಟ್ ಬೆಲ್ಟ್ ಇಲ್ಲ. ಲೈಟ್ ಇಲ್ಲ. ನಟ್ಟು ಬೋಲ್ಟು ಮಾತ್ರ ಕೊಟ್ಟಿದ್ದ, ತಲೆ ಮೇಲೆ ಯಾವ ಗುರುತೂ ಇಲ್ಲದ್ದು. ಸಸ್ಪೆನ್ಷನ್‌ಗೆ ಹಾಕುವ ಬೋಲ್ಟಿನ ತಲೆ ಮೇಲೆ ಗಟ್ಟಿತನದ ಗುರುತು ಕನಿಷ್ಠ 8.8 ಅಂತಾದರೂ ಇರಬೇಕು. ಇವು ಗೇಟಿಗೆ ಹಾಕುವ ಬೋಲ್ಟುಗಳು.

ಫೋನ್ ಮಾಡಿದೆ. "ಕಿಟ್ ಅಂದ್ರೆ ಕಿಟ್ ಸರ್. ಎಲ್ಲಾ ಕೊಟ್ಬಿಟ್ರೆ ಅದು ಕಾರೇ ಆಗೋಗತ್ತಲ್ಲ!" ಅಂದು ನಕ್ಕ. ಜೊತೆಗೆ ನಾನೂ ನಕ್ಕೆ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ಒಂದೇ ಡೋನರ್ ಕಾರು ಸಾಕಂತೆ. ಎಂಜಿನನ್ನು ಚಾಸಿಯೊಳಗೆ ಇಳಿಸಿದರೆ ಅದರ ಸಂಪು, ಅಂದರೆ ತಳದ ಆಯಿಲ್ ತೊಟ್ಟಿ, ಚಾಸಿಗಿಂತ ಕೆಳಗೆ ನೇತಾಡುತ್ತಿದೆ. ರಸ್ತೆ ಉಬ್ಬು ಬಂದರೆ ಮೊದಲು ತಾಗುವುದು ಅದೇ. ಅದನ್ನು ಕತ್ತರಿಸಿ ಗಿಡ್ಡ ಮಾಡಿಸಬೇಕು. ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಉದ್ದ, ಅದನ್ನೂ ಕತ್ತರಿಸಿ ಬ್ಯಾಲೆನ್ಸ್ ಮಾಡಿಸಬೇಕು. ಸೈಲೆನ್ಸರ್ ಪೈಪ್ ಹೊಸದೇ ಆಗಬೇಕು. ವೈರಿಂಗ್ ಕಥೆ ಬಿಡಿ. ಒಂದೊಂದಕ್ಕೂ ಒಬ್ಬೊಬ್ಬರ ವರ್ಕ್‌ಶಾಪ್, ಒಬ್ಬೊಬ್ಬರ ಬಿಲ್ಲು. ಕಿಟ್‌ನ ಬೆಲೆಯ ಎರಡರಷ್ಟು ಹೊರಗೆ ಸುರಿದಾಯಿತು. ಕಾರು ಇನ್ನೂ ಮರದ ದಿಮ್ಮಿಗಳ ಮೇಲೇ ಕೂತಿತ್ತು.

ಇದನ್ನೆಲ್ಲ ಸಹಿಸಿಕೊಂಡೆ ರೀ. ನಿಜವಾಗಿ ಹೇಳಬೇಕಾಗಿರುವುದು ಪೌಡರ್ ಕೋಟ್ ಬಗ್ಗೆ.

ಚಾಸಿ ಬಂದಾಗ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಫೋಟೊ ತೆಗೆದು ಕಂಡಕಂಡವರಿಗೆ ಕಳಿಸಿದ್ದೆ. ಆಮೇಲೆ ಮುಂದಿನ ವಿಶ್‌ಬೋನ್, ಅಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ತೋಳು, ಕೂರಿಸುವಾಗ ಬ್ರಾಕೆಟ್‌ಗೆ ಗ್ರೀಸ್ ಮೆತ್ತಿಕೊಂಡಿತು. ಥಿನ್ನರ್ ಹಾಕಿದ ಬಟ್ಟೆಯಲ್ಲಿ ಒರೆಸಿದೆ. ಬಟ್ಟೆ ಕಪ್ಪಾಯಿತು. ಗ್ರೀಸ್ ಇರಬೇಕು ಅಂತ ಮತ್ತೆ ಒರೆಸಿದೆ. ಕೆಳಗಿನ ಕಬ್ಬಿಣ ಕಂಡಿತು! ಪೌಡರ್ ಕೋಟ್ ಅಂದರೆ ಪುಡಿ ಬಣ್ಣವನ್ನು ಓವನ್‌ನಲ್ಲಿ 200 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿ ಹಿಡಿಸುವುದು. ಅದು ಹೀಗೆ ಬಟ್ಟೆಗೆ ಬಿಟ್ಟುಕೊಂಡು ಬರುವುದಿಲ್ಲ. ಇದು ಸ್ಪ್ರೇ ಪೇಂಟು. ಬರೀ ಸ್ಪ್ರೇ ಪೇಂಟು.

ಬಣ್ಣದಲ್ಲಿ ಮಾತ್ರ ಮೋಸ ಆಗಿದ್ದರೆ ಬೈದುಕೊಂಡು ಸುಮ್ನೆ ಇರುತ್ತಿದ್ದೆ. ಒರೆಸುತ್ತಾ ಹೋದ ಹಾಗೆ ವೆಲ್ಡಿಂಗ್ ಜಾಗದಲ್ಲಿ ಬೂದು ಬಣ್ಣದ್ದೇನೋ ಕಂಡಿತು. ಸ್ಕ್ರೂಡ್ರೈವರ್‌ನಿಂದ ಕೆರೆದೆ. ಪುಡಿಪುಡಿಯಾಗಿ ಉದುರಿತು. ಪುಟ್ಟಿ! ಡೆಂಟ್ ಆದ ಬಾಡಿಗೆ ಟಿಂಕರಿಂಗ್‌ನವರು ಮೆತ್ತುತ್ತಾರಲ್ಲ, ಅದೇ ಪುಟ್ಟಿ. ಮುಂದಿನ ಚಕ್ರವನ್ನು ಹಿಡಿದುಕೊಳ್ಳಬೇಕಾದ ಬ್ರಾಕೆಟ್‌ನ ಬುಡದಲ್ಲಿ ಪುಟ್ಟಿ. ಅದರ ಕೆಳಗೆ ವೆಲ್ಡಿಂಗ್ ಅರ್ಧಕ್ಕೇ ನಿಂತಿದೆ. ಹಾಕಿರುವ ಅರ್ಧವೂ ಕಬ್ಬಿಣದೊಳಗೆ ಇಳಿದಿಲ್ಲ, ಮೇಣ ತೊಟ್ಟಿಕ್ಕಿದ ಹಾಗೆ ಮೇಲೆ ಕೂತಿದೆ.

ಆಗ ಹೊಳೆಯಿತು. ಓವನ್‌ಗೆ ಹಾಕಿದ್ದರೆ ಆ ಶಾಖಕ್ಕೆ ಪುಟ್ಟಿ ನಿಲ್ಲುತ್ತಿರಲಿಲ್ಲ. ಅದಕ್ಕೇ ಪೌಡರ್ ಕೋಟ್ ಮಾಡಿಸಿಲ್ಲ. ದುಡ್ಡು ಉಳಿಸುವುದಕ್ಕಲ್ಲ, ಮುಚ್ಚಿಡುವುದಕ್ಕೆ. ಜೋರಾಗಿ ಬ್ರೇಕ್ ಒತ್ತಿದಾಗ ಆ ಬ್ರಾಕೆಟ್ ಕಿತ್ತುಬಂದರೆ ಚಕ್ರ ಎತ್ತ ಹೋಗುತ್ತದೆ ಅಂತ ನಾನು ಬಿಡಿಸಿ ಹೇಳಬೇಕಾ?

ಫೋಟೊ ಕಳಿಸಿದೆ. ಬಂದ ಉತ್ತರಗಳು ಇಲ್ಲಿವೆ. ಮೊದಲು, "ಅದು ಫಿನಿಶಿಂಗ್ ಸರ್, ನೋಡೋಕೆ ನೀಟಾಗಿರ್ಲಿ ಅಂತ." ವೆಲ್ಡಿಂಗೇ ಆಗಿಲ್ಲವಲ್ಲ ಅಂದೆ. "ಇಂಥಾ ಕಾರನ್ನ ಯಾರೂ ಸ್ಪೀಡಾಗಿ ಓಡ್ಸಲ್ಲ ಸರ್." ಸ್ಪೋರ್ಟ್ಸ್ ಕಾರು ಅಂತ ಮಾರಿದವನ ಮಾತು ಇದು! ದುಡ್ಡು ವಾಪಸ್ ಕೇಳಿದೆ. "ಥಿನ್ನರ್ ಹಾಕಿದೀರ, ವಾರಂಟಿ ಹೋಯ್ತು."

ಕೊನೆಗೆ ನನಗೇ ಪಾಠ. "ಲೋಟಸ್ ಸೆವೆನ್ನೂ ಕಿಟ್ ಆಗೇ ಮಾರಿದ್ದು ಸರ್, ಹಿಸ್ಟರಿ ಓದಿ." ಓದಿದ್ದೇನೆ ಸ್ವಾಮಿ. 1957ರಿಂದ ಲೋಟಸ್ ಕಂಪನಿ ಕಟ್ಟಿದ ಕಾಲಿನ್ ಚಾಪ್‌ಮನ್ ಅದನ್ನು ಕಿಟ್ ಆಗಿ ಮಾರಿದ್ದು ಯಾಕೆ? ಬ್ರಿಟನ್‌ನಲ್ಲಿ ಪೂರ್ತಿ ಕಾರಿಗಿದ್ದ ಖರೀದಿ ತೆರಿಗೆ ಕಿಟ್‌ಗೆ ಇರಲಿಲ್ಲ, ಅದಕ್ಕೆ. ತೆರಿಗೆ ಉಳಿದು ಅಗ್ಗವಾಗಿತ್ತು, ವೆಲ್ಡಿಂಗ್ ಉಳಿಸಿ ಅಲ್ಲ. 1973ರಲ್ಲಿ ಕಿಟ್‌ಗೂ ಬೀಳುವ ವ್ಯಾಟ್ ತೆರಿಗೆ ಬಂದು ಆ ಲಾಭವೂ ಹೋಯಿತು. ಅದೇ ವರ್ಷ ಆ ಕಾರಿನ ಹಕ್ಕು ಪಡೆದ ಕೇಟರ್‌ಹ್ಯಾಮ್ ಕಂಪನಿ ಈಗಲೂ ಅದನ್ನು ಕಟ್ಟುತ್ತಿದೆ. ಅದು ಅಗ್ಗವೇನಲ್ಲ, ಅಲ್ವಾ? ತೆರಿಗೆ ತಪ್ಪಬೇಕಾದರೆ ಆಗಿನ ಕಿಟ್ ಜೊತೆ ಜೋಡಿಸುವ ಸೂಚನೆ ಕೊಡುವಂತಿರಲಿಲ್ಲ ಅಂತಲೂ, ಚಾಪ್‌ಮನ್ ಬಿಚ್ಚುವ ಸೂಚನೆ ಕೊಟ್ಟು ಉಲ್ಟಾ ಓದಿಕೊಳ್ಳಿ ಅಂದ ಅಂತಲೂ ಒಂದು ಕಥೆ ಹೇಳುತ್ತಾರೆ. ನನಗೆ ಬಂದಿದ್ದು ಬೇರೆ ಯಾವುದೋ ಕಾರಿನ ಸೂಚನೆಯ ಜೆರಾಕ್ಸ್. ಉಲ್ಟಾ ಓದಿದರೂ ಉಪಯೋಗವಿಲ್ಲ.

ಆಮೇಲೆ ಅನುಮಾನ ಬಂದು ಎಲ್ಲವನ್ನೂ ಅಳೆದೆ. ಇಂಥ ಚಾಸಿಗೆ ಸಾಮಾನ್ಯವಾಗಿ 25 ಮಿಲಿಮೀಟರ್ ಚೌಕ ಪೈಪ್ ಬಳಸುತ್ತಾರೆ, ತಗಡಿನ ದಪ್ಪ 1.6 ಮಿಲಿಮೀಟರ್. ದಪ್ಪ ಅಳೆಯುವ ವರ್ನಿಯರ್ ಹಿಡಿದರೆ ನನ್ನದು 1.2. ಮೂಲೆಯಿಂದ ಮೂಲೆಗೆ ಟೇಪು ಹಿಡಿದರೆ ಒಂದು ಕಡೆಗಿಂತ ಇನ್ನೊಂದು ಕಡೆ 11 ಮಿಲಿಮೀಟರ್ ಜಾಸ್ತಿ. ಚಾಸಿಯೇ ಸೊಟ್ಟ. ಅಲೈನ್‌ಮೆಂಟ್ ಮಾಡುವ ಹುಡುಗ ನೋಡಿ, "ಅಣ್ಣ, ಕ್ಯಾಂಬರ್ ಸರಿ ಮಾಡ್ಬಹುದು, ಇದನ್ನ ಏನ್ ಮಾಡ್ಲಿ?" ಅಂದ.

ಕಿಟ್ ಕಾರೇ ಬೇಡ ಅನ್ನುತ್ತಿಲ್ಲ. ಜಾಸ್ತಿ ದುಡ್ಡು ಕೊಟ್ಟು ಒಳ್ಳೆಯ ಕಿಟ್ ತಂದು ಚೆನ್ನಾಗಿ ಕಟ್ಟಿದವರಿದ್ದಾರೆ. ಲೋಕೋಸ್ಟ್ ಅನ್ನುವ ಇಂಥದೇ ಕಾರನ್ನು ನಕ್ಷೆ ನೋಡಿ ತಾವೇ ವೆಲ್ಡ್ ಮಾಡಿ ಕಟ್ಟುವವರೂ ಇದ್ದಾರೆ, ಅವರಿಗೆ ಕೈ ಮುಗಿಯಬೇಕು. ನಡುವಿನ ಈ ಅಗ್ಗದ ಕಿಟ್ ಇದೆಯಲ್ಲ, ಅದು ಎರಡಕ್ಕೂ ಇಲ್ಲ.

ಹೋಗಿಯೇ ತೀರುತ್ತೇನೆ ಅನ್ನುವವರು ಟೇಪು, ವರ್ನಿಯರ್, ಥಿನ್ನರ್ ಬಟ್ಟೆ ಮೂರೂ ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಬಣ್ಣ ಬಳಿಯದ ಚಾಸಿ ತೋರಿಸು ಅನ್ನಿ. ಕಿಟ್‌ನಲ್ಲಿ ಏನೇನು ಇಲ್ಲ ಅನ್ನುವ ಪಟ್ಟಿ ಬರೆಸಿಕೊಳ್ಳಿ, ಇರುವುದರ ಪಟ್ಟಿ ಎಲ್ಲರೂ ಕೊಡುತ್ತಾರೆ. ಆ ಕಿಟ್‌ನಿಂದ ಕಟ್ಟಿ ನೋಂದಣಿ ಆಗಿರುವ ಒಂದಾದರೂ ಕಾರು ತೋರಿಸಲಿ. ಬ್ರಿಟನ್‌ನಲ್ಲಿ 2009ರಿಂದ ಇಂಥ ಕಾರು ರಸ್ತೆಗಿಳಿಯುವ ಮುಂಚೆ ಪಾಸಾಗಬೇಕಾದ ಐವಿಎ ಅನ್ನುವ ಪರೀಕ್ಷೆ ಇದೆ, ಬಾಡಿಯ ಅಂಚು ಚೂಪಾಗಿದ್ದರೂ ಫೇಲು. ನಮ್ಮ ಆಸಾಮಿಯ ಫೋಟೊಗಳಲ್ಲಿ ಒಂದು ಕಾರಿಗೂ ನಂಬರ್ ಪ್ಲೇಟ್ ಇರಲಿಲ್ಲ. ಕೇಳಿದಾಗ, "ರಿಜಿಸ್ಟ್ರೇಷನ್ ನಿಮ್ ತಲೆನೋವು ಸರ್" ಅಂದಿದ್ದ.

ಮೊನ್ನೆ ಅವನೇ ಫೋನ್ ಮಾಡಿದ. "ಚಾಸಿ ವಾಪಸ್ ಕಳ್ಸಿ ಸರ್, ಸಾಗಣೆ ಖರ್ಚು ನಿಮ್ದು, ನೋಡಿ ಏನಾದ್ರೂ ಮಾಡೋಣ." ಏನು ಮಾಡುತ್ತಾನೆ ಅಂತ ಗೊತ್ತಿಲ್ಲವೇ? ಉದುರಿದ ಕಡೆ ಮತ್ತೆ ಪುಟ್ಟಿ ಮೆತ್ತಿ, ಕಪ್ಪು ಬಣ್ಣ ಹೊಡೆದು, ನಿಮ್ಮಲ್ಲಿ ಯಾರಿಗೋ ಮಾರುತ್ತಾನೆ. ಕಳಿಸಲ್ಲ ಅಂದೆ. ಚಾಸಿಯನ್ನು ಗ್ರೈಂಡರ್‌ನಲ್ಲಿ ತುಂಡು ಮಾಡಿ ಗುಜರಿಗೆ ಹಾಕುತ್ತೇನೆ. ಇಡಿಯಾಗಿ ಹಾಕಲ್ಲ, ತುಂಡು ಮಾಡಿಯೇ ಹಾಕುತ್ತೇನೆ.